‘ಸಾಕು’ ಅನ್ನದ ಓಣಿ

ನಮ್ಮ ಓಣಿಯಲ್ಲಿ ನಳದ ನೀರು ಬಂದ ದಿನ ಯಾರೂ ‘ಸಾಕು’ ಎನ್ನುವುದಿಲ್ಲ. ಬೆಟಗೇರಿಯ ಉಳಿದ ಓಣಿಗಳಲ್ಲಿ ಅಂಗಳದ ಸಂಪು ತುಂಬಿದ ಕೂಡಲೇ ‘ಸಾಕು, ಸಾಕು, ಬಂದ್ ಮಾಡು’ ಎಂದು ಒಬ್ಬರಾದರೂ ಕೂಗುತ್ತಾರೆ. ನಮ್ಮಲ್ಲಿ ‘ಆತು’ ಎನ್ನುತ್ತಾರೆ. ಬಾಡಿಗೆಗೆ ಹೊಸದಾಗಿ ಬಂದವರು ಮೊದಲು ನಗುತ್ತಾರೆ, ಆಮೇಲೆ ತಾವೂ ಹಾಗೇ ಅನ್ನಲು ಕಲಿಯುತ್ತಾರೆ. ಈ ರೂಢಿ ಹಾಕಿಕೊಟ್ಟವರು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಪಿ.ಟಿ. ಮಾಸ್ತರರು. ಹೋದ ತಿಂಗಳು ತೀರಿಕೊಂಡರು. ಇಡೀ ಆಯುಷ್ಯ ಒಂದಿಲ್ಲೊಂದು ಅಪಘಾತದ ಹಾದಿ ಕಾಯುತ್ತಿದ್ದ ಮನುಷ್ಯ, ಮಧ್ಯಾಹ್ನ ಊಟ ಮಾಡಿ ಎಡಮಗ್ಗುಲಿಗೆ ಮಲಗಿ, ಯಾವ ಗದ್ದಲವೂ ಇಲ್ಲದೆ ಹೋದರು.

ಊರಿಗೆಲ್ಲ ಅವರು ‘ಸೀಟಿ ಮಾಸ್ತರ’. ಆರಡಿ ಆಳು, ದಪ್ಪ ಮೀಸೆ, ನಿವೃತ್ತಿಯಾದ ಮೇಲೂ ಕೊರಳಲ್ಲಿ ಸೀಟಿ. ನೋಡಿದವರು ಪೈಲ್ವಾನರೆಂದೇ ತಿಳಿಯಬೇಕು. ಆದರೆ ಅವರಷ್ಟು ಅಂಜುಬುರುಕರನ್ನು ನಾನು ಕಂಡಿಲ್ಲ. ಓಟದ ಪಂದ್ಯ ನಡೆಯುವಾಗ ‘ಸಾವಕಾಶ ಓಡ್ರಲೇ, ಬಿದ್ದೀರಿ’ ಎಂದು ಕೂಗುವ ಪಿ.ಟಿ. ಮಾಸ್ತರ ಇನ್ನೆಲ್ಲಾದರೂ ಇದ್ದಾರೆಯೇ? ಎತ್ತರ ಜಿಗಿತದ ಗುಂಡಿಗೆ ಬೇರೆ ಶಾಲೆಯವರು ಹಾಕುವುದಕ್ಕಿಂತ ಎರಡು ಪಟ್ಟು ಉಸುಕು ಹಾಕಿಸಿ, ಅದರ ಮೇಲೆ ತಾವೇ ಒಮ್ಮೆ ಹೊರಳಾಡಿ ನೋಡುತ್ತಿದ್ದರಂತೆ. ಅವರ ಶಾಲೆ ಕಪ್ ಗೆದ್ದದ್ದು ಅಪರೂಪ. ಹುಡುಗರು ಕೈಕಾಲು ಮುರಿದುಕೊಂಡದ್ದೂ ಅಪರೂಪ.

ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತಿರಲಿಲ್ಲ, ಕಳಚಿ ಬಿದ್ದೀತೆಂದು. ಗ್ಯಾಸಿನ ಗುಂಡಿ ತಿರುವಿ ಬಂದವರು ಅಂಗಳದಿಂದ ಮತ್ತೆ ಒಳಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟೇ ಬೇಕು, ಅವನಿಗೆ ತೂಕಡಿಕೆ ಬರದಂತೆ ದಾರಿಯುದ್ದಕ್ಕೂ ಮಾತಾಡಿಸುತ್ತಿರಬೇಕು. ಎಷ್ಟೋ ಡ್ರೈವರುಗಳು ಅವರ ಮಾತು ತಡೆಯಲಾರದೆ ರೇಡಿಯೋ ಹಚ್ಚಿದ್ದುಂಟು. ಯಾವ ಮಾತಿಗೂ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಪ್ರಶ್ನೆ: ‘ಏನರ ಆದ್ರ?’ ಅವರ ಒಬ್ಬಳೇ ಮಗಳು ಹುಬ್ಬಳ್ಳಿಯಲ್ಲಿದ್ದಾಳೆ. ಸಂಜೆಯಾದರೆ ಅಪ್ಪ ಮಗಳು ಫೋನಿನಲ್ಲಿ ಆ ದಿನದ ಅಂಜಿಕೆಗಳನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಇಲ್ಲಿ ಕರೆಂಟಿನ ತಂತಿ ಜೋತು ಬಿದ್ದಿದೆ, ಅಲ್ಲಿ ಮೊಮ್ಮಗನ ಶಾಲೆಯ ಮೆಟ್ಟಿಲಿಗೆ ಕಟಾಂಜನವಿಲ್ಲ, ಹೀಗೆ. ನಡುವಿನ ಗೋಡೆ ತೆಳ್ಳಗಿದ್ದುದರಿಂದ ನನಗೂ ಎಲ್ಲ ಕೇಳಿಸುತ್ತಿತ್ತು.

ಇಂಥವರ ಕೈಗೆ ಒಂದು ನಾಯಿಮರಿ ಬಂತು. ಹೆದರುವವರ ಮೇಲೆ ಹಾವೆಸೆದಂತೆ ಎನ್ನುತ್ತಾರಲ್ಲ, ಹಾಗೆ.

ಅವರ ಮಾಳಿಗೆಯ ಮೇಲೆ ಬಾಡಿಗೆಗಿದ್ದ ಬ್ಯಾಂಕಿನ ಅಧಿಕಾರಿಗೆ ದೂರದ ರಾಜ್ಯಕ್ಕೆ ವರ್ಗವಾಯಿತು. ಆತ ಆಗಷ್ಟೇ ಒಂದು ಸ್ಪ್ಯಾನಿಯಲ್ ಜಾತಿಯ ಹೆಣ್ಣುಮರಿ ತಂದಿದ್ದ. ಕಂದು ಬಣ್ಣ, ಮೊಣಕಾಲಿಗೆ ತಾಗುವಷ್ಟು ಉದ್ದದ ಜೋಲು ಕಿವಿ, ಸದಾ ಏನೋ ಕೇಳುವಂಥ ಕಣ್ಣು. ‘ಯಾರರೆ ಛಲೋ ಮಂದಿ ಸಿಗೂತನಕ ನೀವು ಇಟ್ಕೊಂಡಿರ್ರಿ ಸರ’ ಎಂದು ಬುಟ್ಟಿಯ ಸಮೇತ ಕೈಗಿಟ್ಟು ಹೋದ. ಮಾಸ್ತರರಿಗೆ ‘ಇಲ್ಲ’ ಎನ್ನುವುದಕ್ಕೂ ಅಂಜಿಕೆ. ಓಣಿಯವರ ಬಾಯಲ್ಲಿ ಆ ಜಾತಿಯ ಹೆಸರು ಹೊರಳಲಿಲ್ಲ. ಅವರು ಅದನ್ನು ‘ಸ್ಪೆಷಲ್ ನಾಯಿ’ ಎಂದರು.

ನನ್ನ ಸಂಗತಿಯನ್ನೂ ಇಲ್ಲಿ ಹೇಳಬೇಕು. ಎಂಟು ವರ್ಷದವಳಿದ್ದಾಗ ನನಗೆ ಬೀದಿನಾಯಿ ಕಚ್ಚಿ, ಹೊಕ್ಕಳ ಸುತ್ತ ಸೂಜಿ ಚುಚ್ಚಿಸಿಕೊಂಡಿದ್ದೇನೆ. ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯಕ್ಕೆ ಹೋಗುವ ಹಾದಿಯಲ್ಲಿ ನಾಯಿ ಮಲಗಿದ್ದರೆ ಇಂದಿಗೂ ನಾನು ಇನ್ನೊಂದು ಓಣಿ ಸುತ್ತಿ ಹೋಗುತ್ತೇನೆ. ಹಾಗಾಗಿ ಗೋಡೆಯಾಚೆ ಮರಿಯ ಕುಂಯ್‌ಗುಟ್ಟುವಿಕೆ ಕೇಳಿದ ದಿನದಿಂದ ನಾನು ಹಿತ್ತಲ ಬಾಗಿಲಿನ ಚಿಲಕ ಹಾಕಿಯೇ ಇಟ್ಟೆ. ನನಗೆ ನಾಯಿಯ ಭಯ, ಅವರಿಗೆ ನಾಯಿಗೆ ಏನಾದೀತೋ ಎಂಬ ಭಯ. ಇಬ್ಬರ ನಿದ್ದೆಯೂ ಕೆಟ್ಟಿತು.

ಅವರು ಮರಿಯನ್ನು ನೋಡಿಕೊಂಡ ರೀತಿ ಹೇಳಿದರೆ ನಗು ಬರುತ್ತದೆ. ಕಿವಿ ಹಾಲಿನ ಬಟ್ಟಲಲ್ಲಿ ಅದ್ದಿ ನೆಗಡಿಯಾದೀತೆಂದು ಊಟದ ಹೊತ್ತಿಗೆ ಹೆಂಡತಿಯ ಕೂದಲಿನ ಪಿನ್ನು ಹಾಕಿ ಎರಡೂ ಕಿವಿಗಳನ್ನು ತಲೆಯ ಮೇಲೆ ಕೂಡಿಸುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕಾರು ಅನ್ನುತ್ತೇವೆ. ಅಕ್ಕಾರು ಬಟ್ಟಲಿಗೆ ಹಾಲು ಹಾಕುವಾಗ ಮಾಸ್ತರರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ‘ಸಾಕು, ಸಾಕು, ಹೊಟ್ಟಿ ಕೆಡತೈತಿ, ಸಾಕು’ ಎನ್ನುವರು. ರೊಟ್ಟಿ ಚೂರು ಮಾಡಿ ಹಾಕುವಾಗಲೂ ಅದೇ ಮಾತು. ಆಮೇಲೆಯೇ ಬಟ್ಟಲು ಮರಿಯ ಮುಂದೆ ಬರುತ್ತಿತ್ತು.

‘ಏನಂತ ಹೆಸರಿಟ್ರಿ ಸರ?’ ಎಂದು ನಾನು ಒಮ್ಮೆ ನಮ್ಮ ಗೋಡೆಯ ಮೇಲಿನಿಂದಲೇ ಕೇಳಿದೆ.

‘ಹೆಸರಿಡೋದು ನಮ್ಮ ಕೆಲಸ ಅಲ್ಲ, ತಂಗೆವ್ವ. ಕೊಟ್ಟ ಮನಿಯವರು ಇಡ್ತಾರ. ನಾವು ಒಂದ್ ಹೆಸರಿಟ್ಟು, ಅವರು ಇನ್ನೊಂದು ಕರದು, ಅದು ಗಲಿಬಿಲಿ ಆಗಿ ರಸ್ತೇದಾಗ ನಿಂತ್ರ? ಏನರ ಆದ್ರ?’

ಅದಕ್ಕೂ ಒಂದು ಅಪಘಾತ ಹುಡುಕಿಟ್ಟಿದ್ದರು.

ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ದಿನ ಓಣಿಗೆ ಓಣಿಯೇ ಅಂಗಳದಲ್ಲಿರುತ್ತದೆ. ನೆಲದೊಳಗಿನ ಸಂಪುಗಳ ಮುಚ್ಚಳವೆಲ್ಲ ತೆರೆದಿರುತ್ತವೆ. ಮಾಸ್ತರರಿಗೆ ಅದು ವಾರದ ಅತಿ ಕೆಟ್ಟ ದಿನ. ತಮ್ಮ ಸಂಪಿನ ಬಾಯಿಗೆ ಅಡ್ಡ ಹಲಗೆ ಇಟ್ಟು, ಕೈಯಲ್ಲಿ ಕೋಲು ಹಿಡಿದು ಕಾಯುತ್ತಿದ್ದರು. ಹೀಗೇ ನೀರು ಬಂದ ಒಂದು ದಿನ ಮರಿಯನ್ನು ಅಕ್ಕಾರ ಹಳೆಯ ಸೀರೆಯ ಅಂಚಿನಿಂದ ಮಂಚದ ಕಾಲಿಗೆ ಕಟ್ಟಿದ್ದರು. ಕೊರಳು ಬಿಗಿದೀತೆಂಬ ಅಂಜಿಕೆಗೆ ಗಂಟನ್ನು ಸಡಿಲು ಹಾಕಿದ್ದರು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ನೋಡಿದರೆ ಸೀರೆಯ ಅಂಚು ಮಾತ್ರ ಇತ್ತು.

ಸೀಟಿಯ ಸದ್ದು ಕೇಳಿ ನಾನು ಹೊರಗೆ ಓಡಿದೆ. ಮಾಸ್ತರರು ನಡು ಓಣಿಯಲ್ಲಿ ನಿಂತು ಊದುತ್ತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ. ‘ಮರಿ ಇಲ್ಲ, ತಂಗೆವ್ವ. ಸಂಪು ಎಲ್ಲಾ ತೆರದಾವು’ ಎಂದರು. ಮುಂದೆ ಏನೂ ಹೇಳಬೇಕಾಗಿರಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಓಣಿಯ ಆ ತುದಿಯ ತನಕ ಮನೆಯ ಮುಂದೆ ಒಂದೊಂದು ಕಪ್ಪು ಬಾಯಿ ತೆರೆದಿತ್ತು. ಅದುವರೆಗೆ ಅವುಗಳನ್ನು ನಾನು ಹಾಗೆ ನೋಡಿಯೇ ಇರಲಿಲ್ಲ.

ಮೊಬೈಲಿನ ಬೆಳಕು ಹಿಡಿದು ಒಂದೊಂದಾಗಿ ಬಗ್ಗಿ ನೋಡುತ್ತ ಹೋದೆವು. ಪ್ರತಿ ಸಲ ಬಗ್ಗುವಾಗಲೂ ಕಾಣದಿರಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಕರೆಯೋಣವೆಂದರೆ ಹೆಸರಿಲ್ಲ. ಒಬ್ಬರು ‘ಕುರೂ ಕುರೂ’ ಎಂದರು, ಇನ್ನೊಬ್ಬರು ‘ಟಾಮಿ’ ಎಂದರು. ಮಾಸ್ತರರು ‘ಬಾರವಾ, ಬಾರವಾ’ ಎನ್ನುತ್ತ, ಹೆಸರಿಡದ ತಮ್ಮ ಬುದ್ಧಿವಂತಿಕೆಗೆ ಹಣೆ ಬಡಿದುಕೊಂಡರು. ಅಷ್ಟರಲ್ಲಿ ಓಣಿಯ ಮೇಲ್ತುದಿಯ ಮನೆಯ ಹೆಣ್ಣುಮಗಳು ಅಂಗಳದಿಂದ ಮಗನಿಗೆ ಕೂಗಿದಳು: ‘ಸಾಕು, ಸಾಕು, ತುಂಬೇತಿ!’

ಅಕ್ಕಾರು ನಿಂತಲ್ಲೇ ನಿಂತರು. ಗಂಡನ ತೋಳು ಹಿಡಿದರು.

‘ಅದಕ್ಕ ಹೆಸರು ಐತ್ರಿ. ನೀವ ಇಟ್ಟೀರಿ. ದಿನಾ ಬಟ್ಟಲದ ಮುಂದ ಕುಂತು ಏನಂತ ಕರೀತೀರಿ?’

ನನಗೆ ಅರ್ಥವಾಗಲು ಒಂದು ಉಸಿರು ಹಿಡಿಯಿತು. ಮರಿಯ ಪಾಲಿಗೆ ‘ಸಾಕು’ ಎಂದರೆ ಬಾ, ಹಾಲು ಸಿದ್ಧವಾಗಿದೆ ಎಂದರ್ಥ. ನೀರು ಬಂದ ದಿನ ಇಡೀ ಓಣಿ ಅದನ್ನು ಕರೆಯುತ್ತಿತ್ತು, ಅದೂ ತುಂಬಿದ ಸಂಪಿನ ಬಾಯಲ್ಲಿ ನಿಂತು. ಎಲ್ಲರಿಗಿಂತ ಮೊದಲು ಕೂಗಿದವರು ಯಾರು? ಇಳಿಜಾರಿನ ಕೆಳತುದಿಯ ಮನೆಯವರು, ನೀರು ಮೊದಲು ಹರಿಯುವುದು ಅಲ್ಲಿಗೇ. ಅವರು ಆಗಲೇ ತುಂಬಿಸಿಕೊಂಡು, ಮುಚ್ಚಳವನ್ನು ಅರ್ಧ ಎಳೆದು ಒಳಗೆ ಹೋಗಿದ್ದರು.

ಮೂವರೂ ಓಡಿದೆವು. ಮುಚ್ಚಳ ಸರಿಸಿದರೆ, ಕತ್ತಲಲ್ಲಿ ಕಿವಿಗಳೆರಡೂ ನೀರಿನ ಮೇಲೆ ಹರಡಿಕೊಂಡು ಮರಿ ಸುತ್ತು ಹಾಕುತ್ತಿತ್ತು. ಕೂಗುತ್ತಿರಲಿಲ್ಲ. ಕಾಲು ಆಡಿಸುತ್ತಿತ್ತು, ಗೋಡೆ ಸಿಕ್ಕಿದಲ್ಲಿ ಕೆರೆದು ಜಾರುತ್ತಿತ್ತು, ಮತ್ತೆ ಸುತ್ತುತ್ತಿತ್ತು. ನಾನು ಹಿಂದೆ ತಿರುಗಿ ನೋಡಿದೆ. ಆರಡಿ ಆಳು ಕಟ್ಟೆಯ ಮೇಲೆ ಕುಸಿದು ಕುಳಿತಿದ್ದರು, ಕೈ ಎತ್ತಲೂ ಆಗುತ್ತಿರಲಿಲ್ಲ. ಅಕ್ಕಾರಿಗೆ ಮೊಣಕಾಲು ಮಡಚಲು ಬಾರದು. ಓಣಿಯವರು ಇನ್ನೂ ಮೇಲ್ಗಡೆಯ ಸಂಪುಗಳಲ್ಲಿ ಹುಡುಕುತ್ತಿದ್ದರು. ಉಳಿದವಳು ನಾನು.

ಹೊಟ್ಟೆ ಅಡಿಯಾಗಿ ಮಲಗಿ ಕೈ ಇಳಿಬಿಟ್ಟೆ. ಒದ್ದೆ ಕೂದಲು ಬೆರಳಿಗೆ ತಾಗಿತು. ಎಂಟು ವರ್ಷದವಳ ಕಿರುಚಾಟ ಗಂಟಲ ತನಕ ಬಂತು. ಮರಿ ನನ್ನ ರವಿಕೆಯ ತೋಳನ್ನು ಹಲ್ಲಿನಿಂದ ಕಚ್ಚಿ ಹಿಡಿಯಿತು. ಇನ್ನು ಬಿಡಿಸಿಕೊಳ್ಳುವಂತೆಯೂ ಇಲ್ಲ. ಕಣ್ಣು ಮುಚ್ಚಿ ಎಳೆದೆ. ಅದು ಮೇಲೆ ಬಂದು ಮೈ ಕೊಡವಿ, ಎಲ್ಲರ ಮೇಲೂ ನೀರು ಸಿಡಿಸಿ, ನೇರ ಮಾಸ್ತರರ ಬಳಿ ಹೋಗಿ ಬಟ್ಟಲಿಗಾಗಿ ಅವರ ಕೈ ಮೂಸಿತು. ಅವರು ಅದನ್ನು ಎದೆಗವಚಿಕೊಂಡು ಅಳುತ್ತಿದ್ದರು. ನಾನೂ ಅತ್ತೆ, ಯಾಕೆ ಮುಚ್ಚಿಡಲಿ.

ಮರುದಿನ ಅವರು ಮನೆಮನೆಗೆ ಹೋದರು. ‘ದಯಮಾಡಿ ನೀರ ತುಂಬಿದ ಮ್ಯಾಲೆ ಸಾಕು ಅನಬ್ಯಾಡ್ರಿ, ಆತು ಅನ್ರಿ’ ಎಂದು ಕೈಮುಗಿದು ಕೇಳಿಕೊಂಡರು. ಅವರ ವಿದ್ಯಾರ್ಥಿಗಳೇ ತಂದೆತಾಯಿಯಾಗಿರುವ ಓಣಿ ಇದು. ಹಿಂದಿನಿಂದ ನಕ್ಕರು, ಆದರೆ ಮಾತು ಮೀರಲಿಲ್ಲ.

ಆದರೆ ಕೆಟ್ಟದ್ದು ನಿಜವಾಗಿ ಶುರುವಾದದ್ದು ಆಮೇಲೆ. ದನದ ಡಾಕ್ಟರು ಮರಿಯನ್ನು ನೋಡಿ, ‘ಇದು ನೀರಿನ ಜಾತಿ ನಾಯಿರಿ ಸರ, ನೀರು ಅಂದ್ರ ಇದಕ್ಕ ಖುಷಿ. ಮ್ಯಾಲೆ ಹತ್ತಾಕ ಬರಲಿಲ್ಲ, ಅಷ್ಟ’ ಎಂದಿದ್ದರು. ಮರಿಗೆ ಆ ದಿನ ಅಂಜಿಕೆ ಇರಲಿಲ್ಲ. ಅಂಜಿಕೆ ಅದಕ್ಕೆ ಮನೆಯಲ್ಲಿ ಹತ್ತಿತು. ಮಾಸ್ತರರು ಅದನ್ನು ಒಂದು ಹೆಜ್ಜೆಯೂ ಬಿಟ್ಟಿರುತ್ತಿರಲಿಲ್ಲ. ಹೊಸ್ತಿಲ ಕಡೆ ತಿರುಗಿದರೆ ‘ಹಾಂ ಹಾಂ’ ಎಂದು ನಡುಗುವ ದನಿಯಲ್ಲಿ ಕೂಗಿ ಎತ್ತಿಕೊಳ್ಳುವರು. ಲಾರಿ ಹೋದರೆ ಅದರ ಕಿವಿ ಮುಚ್ಚುವರು. ಬರಬರುತ್ತ ನಳದಲ್ಲಿ ಗಾಳಿ ಗೊರಗೊರ ಎಂದರೂ ಮರಿ ಮಂಚದ ಕೆಳಗೆ ಸೇರತೊಡಗಿತು. ಸೀಟಿಯ ಸದ್ದಿಗೆ ಉಚ್ಚೆ ಹೊಯ್ಯುತ್ತಿತ್ತು. ಒಂದು ಮುಂಜಾನೆ ಅಕ್ಕಾರು ಮಂಚದ ಕೆಳಗೆ ಕೈ ಹಾಕಿದಾಗ ಅದು ಹಲ್ಲು ತೋರಿಸಿ ಅವರ ಬೆರಳನ್ನು ಕಚ್ಚಿತು. ರಕ್ತ ಬರಲಿಲ್ಲ, ಆದರೆ ಅವರ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಗೊತ್ತಾಯಿತು. ನನ್ನನ್ನು ಕಚ್ಚಿದ್ದ ನಾಯಿಯ ಕಣ್ಣೂ ಹೀಗೇ ಇದ್ದವು. ಅದು ಸಿಟ್ಟಲ್ಲ, ಭಯ ಎಂಬುದು ನನಗೆ ಇಷ್ಟು ವರ್ಷದ ಮೇಲೆ ತಿಳಿಯಿತು.

ಅಕ್ಕಾರು ಬೆರಳು ಒರೆಸಿಕೊಳ್ಳುತ್ತ, ‘ನಿಮ್ಮ ಅಂಜಿಕಿ ನಾಯಿಗೂ ಹತ್ತೇತಿ, ನೋಡ್ರಿ’ ಎಂದರು. ಜೋರಾಗಿ ಅನ್ನಲಿಲ್ಲ. ಆ ಸಂಜೆ ಹುಬ್ಬಳ್ಳಿಯ ಫೋನು ಬಂದಾಗ ಮಾಸ್ತರರು ‘ಹೂಂ, ಹೂಂ’ ಎಂದದ್ದಷ್ಟೇ ಕೇಳಿಸಿತು.

ಮರುದಿನದಿಂದ ಮನೆ ಹುಡುಕುವ ಅವಸರ ಅವರಿಗೆ ಹತ್ತಿತು. ಕಚ್ಚುವ ನಾಯಿಯನ್ನು ಯಾರು ಒಯ್ಯುತ್ತಾರೆ, ಇನ್ನೊಂದು ತಿಂಗಳು ತಡೆದರೆ ಇದು ಯಾರ ಮನೆಗೂ ಆಗದು ಎಂಬುದು ಅವರ ಹೊಸ ಭಯ. ಮುಂಡರಗಿಯಿಂದ ಬಂದ ಒಬ್ಬಾತ ಮರಿಯ ಮುಖವನ್ನೂ ನೋಡದೆ ‘ಹೆಣ್ಣೈತೆಲ್ರಿ? ಎಷ್ಟ ಮರಿ ಹಾಕತೈತಿ?’ ಎಂದು ಕೇಳಿದ. ಅವನಿಗೆ ಚಹಾ ಕೊಟ್ಟು ಕಳಿಸಿದರು. ಆಮೇಲೆ ಶಿರಹಟ್ಟಿಯ ಒಂದು ಮನೆ. ನೋಡಲು ನಾನೂ ಜೊತೆಗೆ ಹೋಗಿದ್ದೆ. ನಿವೃತ್ತ ಗಂಡಹೆಂಡತಿ, ಎತ್ತರದ ಗೇಟು, ಸಂಪಿಗೆ ಬೀಗ, ಮಾಳಿಗೆಗೆ ಜಾಳಿಗೆ, ಮನೆಯೊಳಗೆ ಚಪ್ಪಲಿಯ ಸದ್ದೂ ಇಲ್ಲ. ನನ್ನ ಪಾಲಿಗೆ ಮರಿಗೆ ಮನೆ ಸಿಕ್ಕಂತೆಯೇ ಇತ್ತು. ಮಾಸ್ತರರು ಹೊರಗೆ ಬಂದು ತಲೆಯಾಡಿಸಿದರು.

‘ಯಾಕ್ರಿ ಸರ? ಇದಕ್ಕಿಂತ ಜೋಪಾನ ಎಲ್ಲಿ ಸಿಗತೈತಿ?’

‘ಅಲ್ಲಿ ಇನ್ನೊಬ್ಬ ನಾನಽ ಕುಂತೇನಿ, ತಂಗೆವ್ವ’ ಎಂದರು.

ಕೊನೆಗೆ ಲಕ್ಷ್ಮೇಶ್ವರ. ಬಜಾರದ ಹಿಂದೆ ಹಿಟ್ಟಿನ ಗಿರಣಿ ಇಟ್ಟುಕೊಂಡ ಹೆಣ್ಣುಮಗಳೊಬ್ಬಳಿಗೆ ನಾಯಿ ಬೇಕಾಗಿದೆ ಎಂದು ನಮ್ಮ ಕಾಲೇಜಿನವರೊಬ್ಬರು ಹೇಳಿದ್ದರು. ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಮೂವರೂ ಹೋದೆವು. ಮನೆ ಕಂಡ ಕೂಡಲೇ ನನ್ನ ಜೀವ ಹಾರಿತು. ಗೇಟೇ ಇಲ್ಲ. ಮೆಟ್ಟಿಲಿಗೆ ಕಟಾಂಜನವಿಲ್ಲ. ಅವಳ ಹೆಣ್ಣುಮಕ್ಕಳಿಬ್ಬರು ಜೋಳದ ಚೀಲಗಳ ಮೇಲಿಂದ ಚೀಲಗಳ ಮೇಲೆ ಜಿಗಿಯುತ್ತಿದ್ದರು. ಅಂಗಳದಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಿನ ದೋಣಿ ತುಂಬಿ ನಿಂತಿತ್ತು. ಮಾಸ್ತರರು ಎಲ್ಲವನ್ನೂ ನೋಡಿದರು, ಹಣೆಯ ಬೆವರು ಒರೆಸಿಕೊಂಡರು, ಮರಿಯನ್ನು ಕೆಳಗಿಳಿಸಿದರು. ಅದು ಅವರ ಧೋತರದ ಸಂದಿಯಲ್ಲಿ ಸೇರಿಕೊಂಡಿತು.

ಅಷ್ಟರಲ್ಲಿ ಗಿರಣಿ ಶುರುವಾಯಿತು. ಆ ಸದ್ದಿಗೆ ನೆಲವೇ ಅದುರಿತು. ಮರಿ ಕಿರುಚಿ ಸುತ್ತಲೂ ಓಡಿ, ಗೋಡೆಯ ಮೂಲೆಗೆ ಒತ್ತಿಕೊಂಡಿತು. ಮಾಸ್ತರರು ಎತ್ತಿಕೊಳ್ಳಲು ಮುಂದೆ ಬಗ್ಗಿದರು.

‘ಇರ್ಲಿ ಬಿಡ್ರಿ ಸರ. ಅದು ನೋಡ್ಲಿ’ ಎಂದಳು ಗಿರಣಿಯವಳು. ಅಷ್ಟು ಹೇಳಿ ತನ್ನ ಪಾಡಿಗೆ ತಾನು ಕಾಳು ಸುರಿಯತೊಡಗಿದಳು.

ಆಗ ಅವರು ಮಾಡಿದ್ದನ್ನು ನಾನು ಮರೆಯಲಾರೆ. ನೆಟ್ಟಗೆ ನಿಂತು, ಕಾಲು ಅಗಲಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೈದಾನದಲ್ಲಿ ‘ವಿಶ್ರಾಮ್’ ಎಂದಾಗ ಹುಡುಗರು ನಿಲ್ಲುತ್ತಾರಲ್ಲ, ಹಾಗೆ. ನಾನು ಹಿಂದೆ ನಿಂತಿದ್ದೆ. ಒಂದು ಕೈ ಇನ್ನೊಂದು ಕೈಯ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಬೆರಳುಗಳು ಬೆಳ್ಳಗಾಗಿದ್ದವು. ಮರಿ ಅವರ ಮುಖ ನೋಡಿತು. ಅವರು ಮುಖದ ಮೇಲೆ ಏನೂ ತೋರಗೊಡಲಿಲ್ಲ. ನನಗೆ ಆ ಹೊತ್ತು ಸಂಪಿನ ಹೊತ್ತಿಗಿಂತ ಹೆಚ್ಚು ಭಯವಾಯಿತು, ಮರಿಗಾಗಿ ಅಲ್ಲ, ಅವರಿಗಾಗಿ. ಮರಿ ಆಮೇಲೆ ಗಿರಣಿಯವಳನ್ನು ನೋಡಿತು. ಅವಳು ಯಾವುದೋ ಹಾಡು ಗುನುಗುತ್ತಿದ್ದಳು. ಮಕ್ಕಳು ಇನ್ನೂ ಜಿಗಿಯುತ್ತಿದ್ದರು. ಯಾರೂ ಅಂಜಿರಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಮೂಲೆ ಬಿಟ್ಟು, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹೋಗಿ, ಅವಳ ಕಾಲ ಬಳಿ ಚೆಲ್ಲಿದ ಹಿಟ್ಟನ್ನು ನೆಕ್ಕಿತು. ಕಿವಿಗಳೆರಡೂ ಬೆಳ್ಳಗಾದವು.

‘ಇಲ್ಲೇ ಇರ್ಲಿ’ ಎಂದರು ಮಾಸ್ತರರು. ‘ಹೋಗಿ ಬರ್ತೀವಿ’ ಎಂದು ಸಹ ಹೇಳದೆ ರಸ್ತೆಗೆ ಇಳಿದುಬಿಟ್ಟರು. ‘ಸಾಕು’ ಎಂಬ ಮಾತಿನ ಸಂಗತಿಯನ್ನು ಅಕ್ಕಾರೇ ನಿಂತು ಅವಳಿಗೆ ತಿಳಿಸಿ ಬಂದರು.

ಗದಗಿನ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತ್ತು. ಆದರೆ ಅವರು ಡ್ರೈವರನನ್ನು ಮಾತಾಡಿಸಲಿಲ್ಲ. ಖಾಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಇಬ್ಬದಿಗೂ ಕರಿಹೊಲ, ದೂರದ ಗುಡ್ಡದ ಮೇಲೆ ಗಾಳಿಯ ಪಂಖಗಳು ತಿರುಗುತ್ತಿದ್ದವು. ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ.

‘ಸಂಪಿನ್ಯಾಗ ಬಿದ್ದಾಗ ಅದಕ್ಕ ಅಂಜಿಕಿ ಇರಲಿಲ್ಲಂತ’ ಎಂದರು ಅವರೇ. ‘ಆಮ್ಯಾಲೆ ನನ್ನ ಮಾರಿ ನೋಡಿ ಕಲೀತು. ನನ್ನ ಮಗಳೂ ಹಂಗ ಕಲ್ತಾಳ. ಸೈಕಲ್ ಹತ್ತಗೊಡಲಿಲ್ಲ, ಟ್ರಿಪ್ಪಿಗೆ ಕಳಸಲಿಲ್ಲ. ಜೋಪಾನ ಮಾಡಾಕತ್ತೇನಿ ಅಂತ ತಿಳಕೊಂಡಿದ್ದೆ. ಈಗ ಆಕಿ ತನ್ನ ಮಗನ್ನ ಮೆಟ್ಲಾ ಹತ್ತಗೊಡವಲ್ಲಳು.’

ಅಕ್ಕಾರು ಕಿಟಕಿಯ ಹೊರಗೆ ನೋಡುತ್ತ ಸೆರಗಿನಿಂದ ಕಣ್ಣೊತ್ತಿಕೊಂಡರು. ಬಸ್ಸು ಊರು ಮುಟ್ಟುವ ಹೊತ್ತಿಗೆ ಮಗಳ ಫೋನು ಬಂತು. ಬಸ್ಸಿನ ಸದ್ದಿಗೆ ಕೇಳಿಸುವುದಿಲ್ಲವೆಂದು ಮಾಸ್ತರರು ಸ್ಪೀಕರ್ ಹಚ್ಚಿದರು. ಮೊಮ್ಮಗ ಈಜು ಕಲಿಯಲು ಹೋಗುತ್ತೇನೆಂದು ಊಟ ಬಿಟ್ಟು ಕುಳಿತಿದ್ದಾನಂತೆ, ಗೆಳೆಯರೆಲ್ಲ ಹೋಗುತ್ತಾರಂತೆ. ‘ಬ್ಯಾಡ ಅಂತ ನೀವ ಒಂದ್ ಮಾತ ಹೇಳ್ರಿ ಅಪ್ಪಾ, ನಿಮ್ಮ ಮಾತ ಕೇಳ್ತಾನ’ ಎಂದಳು.

ಮಾಸ್ತರರು ತೊಡೆಯ ಮೇಲಿನ ಖಾಲಿ ಬುಟ್ಟಿಯನ್ನು ನೋಡಿದರು. ಲೈನು ಕಟ್ಟಾಯಿತೆಂದುಕೊಂಡು ಅವಳು ‘ಅಪ್ಪಾ, ಅಪ್ಪಾ’ ಎಂದಳು. ಅವರು ಫೋನು ಹಿಡಿದ ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.

‘ಕಳಸವಾ’ ಎಂದರು. ‘ಕಳಸು. ಆದ್ರ ಯಾವತ್ತು ಕಳಸ್ತಿ ಅಂತ ನನಗ ಹೇಳಬ್ಯಾಡ.’